ಅಪ್‌ಡೇಟ್: ಕಾಕಾ ಮೊನ್ನೆ ಪ್ಲಾಟ್‌ಫಾರ್ಮ್ ತನಕ ಬಂದರು

ನಮ್ಮ ಕಾಕಾ ವಿಷಯ ಕೇಳಿದ್ದೆ, ನೆನಪಿದೆಯಾ? 2008ರ ನವೆಂಬರ್ 26ರ ರಾತ್ರಿ ಮುಂಬೈ ಸಿಎಸ್‌ಟಿ ಸ್ಟೇಷನ್‌ನಲ್ಲಿ ಸೊಲ್ಲಾಪುರದ ರೈಲಿಗೆ ಕಾಯುತ್ತಿದ್ದಾಗ ಉಗ್ರರ ದಾಳಿಯಲ್ಲಿ ತೊಡೆಗೆ ಗುಂಡು ಬಿದ್ದಿತ್ತು. ಗಾಯ ಮಾಗಿತು. ಆದರೆ 2025ರ ಏಪ್ರಿಲ್‌ನಲ್ಲಿ ಆ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ಕರೆತಂದಾಗ ಟಿವಿ ತುಂಬಾ ಹಳೆಯ ದೃಶ್ಯಗಳೇ. ಅಂದಿನಿಂದ ಅವರಿಗೆ ನಿದ್ದೆ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆ.

ನಿಮ್ಮಲ್ಲೊಬ್ಬರು ಹೇಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ನಮಗೆ ಇದೇ ದೊಡ್ಡದು. ಅಕ್ಕಲಕೋಟೆಯಲ್ಲಿ ಕಾಕಾ ಅಂಗಡಿ ವ್ಯವಹಾರವೆಲ್ಲ ಮರಾಠಿಯಲ್ಲೇ ಮಾಡುತ್ತಾರೆ. ಆ ರಾತ್ರಿಯ ಮಾತು ಮಾತ್ರ ಅವರಿಗೆ ಕನ್ನಡದಲ್ಲೇ ಬರುವುದು. ಅರ್ಧ ಗಂಟೆ ಮಾತಾಡಿದರು. ಕಾಕು ಬಾಗಿಲ ಹಿಂದೆ ನಿಂತು ಅತ್ತರು.

ಈಗ ಸೊಲ್ಲಾಪುರದಲ್ಲಿ ಮನೋವೈದ್ಯರಿಗೆ ತೋರಿಸುತ್ತಿದ್ದೇವೆ. ಮೊದಲಿನ ಡಾಕ್ಟರು ಸುಮ್ನೆ ನಿದ್ದೆ ಮಾತ್ರೆ ಬರೆದು ಕಳಿಸುತ್ತಿದ್ದರು. ಇವರು ಹಾಗಲ್ಲ. ಭಯ ಹುಟ್ಟಿಸುವ ಜಾಗಕ್ಕೆ ಒಮ್ಮೆಲೇ ಕರೆದೊಯ್ಯಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಅಂದರು. ಮೊದಲ ವಾರ ಸ್ಟೇಷನ್ ಹೊರಗೆ ಚಹಾ, ಅಷ್ಟೇ. ಆಮೇಲೆ ಟಿಕೆಟ್ ಕೌಂಟರ್ ತನಕ. ಮೊನ್ನೆ ಪ್ಲಾಟ್‌ಫಾರ್ಮ್‌ಗೇ ಬಂದರು. ರೈಲು ಬಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು, ಆದರೆ ಓಡಲಿಲ್ಲ. ಟಿವಿ ಸುದ್ದಿ ಈಗ ಮನೆಯಲ್ಲಿ ಬಂದ್.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ಇದೆಯಲ್ವಾ, ನಂದಿಧ್ವಜ ನೋಡಲು ಬರುತ್ತೇನೆ, ಪಟಾಕಿ ಮದ್ದು ಸುಡುವ ರಾತ್ರಿ ಮಾತ್ರ ಬೇಡ ಅಂದಿದ್ದಾರೆ. ಆ ರಾತ್ರಿ ನಾನೂ ಅವರ ಜೊತೆ ಮನೆಯಲ್ಲೇ ಇರುತ್ತೇನೆ.