ಊರಿಗೆ ಹೋದಾಗ ಹೊಸ ಊಟದ ಜಾಗ ಹುಡುಕುವ ಬಗೆ: ಧಾರವಾಡ–ಹುಬ್ಬಳ್ಳಿಯ ಅನುಭವ

ನೀವು ಕೇಳಿರುವುದು ಇಷ್ಟು: ಹನ್ನೆರಡು ವರ್ಷಗಳಿಂದ ಪುಣೆಯಲ್ಲಿದ್ದೀರಿ, ವರ್ಷಕ್ಕೆರಡು ಸಲ ನಾಲ್ಕೈದು ದಿನದ ಮಟ್ಟಿಗೆ ಧಾರವಾಡಕ್ಕೆ ಬರುತ್ತೀರಿ, ಬಂದಾಗಲೆಲ್ಲ ಕಾಲೇಜಿನ ದಿನಗಳಲ್ಲಿ ಹೋಗುತ್ತಿದ್ದ ಅದೇ ಮೂರು ನಾಲ್ಕು ಕಡೆ ತಿಂದು ಹಿಂದಿರುಗುತ್ತೀರಿ. ಊರು ಇಷ್ಟು ಬೆಳೆದ ಮೇಲೆ ಒಳ್ಳೆಯ ಹೊಸ ಜಾಗಗಳು ಹುಟ್ಟಿರಲೇಬೇಕು, ಆದರೆ ಮನೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ, ಮೊಬೈಲಿನಲ್ಲಿ ನಕ್ಷತ್ರ ಎಣಿಸಿ ಹೋದರೆ ನಿರಾಸೆಯಾಗುತ್ತದೆ ಎಂದಿದ್ದೀರಿ. ನಾನು ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದವನು, ಕೆಲಸದ ನಿಮಿತ್ತ 2009ರಿಂದ ಬೆಂಗಳೂರಿನಲ್ಲಿದ್ದೇನೆ. ಇದೇ ತೊಡಕು ನನ್ನನ್ನೂ ಹಲವು ವರ್ಷ ಕಾಡಿತ್ತು. ಅದರಿಂದ ಹೇಗೆ ಹೊರಬಂದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ತಪ್ಪಿದ ಕಥೆ. ಆರು ವರ್ಷದ ಹಿಂದೆ ಅಪ್ಪನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆಂದು, ಸಾವಿರಕ್ಕೂ ಹೆಚ್ಚು ಜನ ಮೆಚ್ಚಿದ್ದಾರೆಂದು ಮೊಬೈಲು ತೋರಿಸಿದ ಒಂದು ಹೊಸ ಹೋಟೆಲಿಗೆ ಮನೆಮಂದಿ ಒಂಬತ್ತು ಜನರನ್ನು ಕರೆದುಕೊಂಡು ಹೋದೆ. ನಾಲ್ಕು ಬೇರೆ ಬೇರೆ ಪಲ್ಯ ಹೇಳಿದೆವು, ನಾಲ್ಕರಲ್ಲೂ ಒಂದೇ ಕಿತ್ತಳೆ ಬಣ್ಣದ ಸಾರು, ಒಂದೇ ಸಿಹಿ. ಅಪ್ಪ ಏನೂ ಅನ್ನಲಿಲ್ಲ, ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡು ಎದ್ದರು. ಮನೆಗೆ ಬಂದ ಮೇಲೆ ಆ ಸಾವಿರ ಅಭಿಪ್ರಾಯಗಳನ್ನು ಕುಳಿತು ಓದಿದೆ. ಅರ್ಧದಷ್ಟು ಮಂದಿ ಹೊಗಳಿದ್ದು ಗಾಡಿ ನಿಲ್ಲಿಸುವ ಜಾಗವನ್ನು, ದೀಪಗಳನ್ನು, ಮಕ್ಕಳ ಜೋಕಾಲಿಯನ್ನು. ಮತ್ತೆ ಕೆಲವರು ಹೆದ್ದಾರಿಯಲ್ಲಿ ಒಮ್ಮೆ ಹಾದುಹೋದವರು. ಅವರಾರೂ ಸುಳ್ಳು ಬರೆದಿರಲಿಲ್ಲ. ನನಗೆ ಬೇಕಾಗಿದ್ದ ಪ್ರಶ್ನೆಗೆ ಅವರು ಉತ್ತರ ಬರೆದಿರಲಿಲ್ಲ, ಅಷ್ಟೇ.

ಮನೆಯವರಿಗೆ ಏಕೆ ಗೊತ್ತಿರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ನಮ್ಮ ಊರಿನ ಮನೆಮಂದಿ ಹೊರಗೆ ಉಣ್ಣುವುದೇ ಇಲ್ಲ. ನನ್ನ ಅವ್ವ, ಕಾಕಾ, ವೈನಿ ಎಲ್ಲರಿಗೂ ಮಧ್ಯಾಹ್ನದ ಊಟ ಎಂದರೆ ಮನೆಯ ಊಟ. ಹೊರಗಿನ ಊಟ ಎಂದರೆ ಮದುವೆ, ಮುಂಜಿವೆ ಅಥವಾ ಬೆಂಗಳೂರಿನಿಂದ ಮಗ ಬಂದ ದಿನ. ಹಾಗಾದರೆ ಊರಿನಲ್ಲಿ ದಿನವೂ ಹೊರಗೆ ಉಣ್ಣುವವರು ಯಾರು? ನಮ್ಮೂರಿಗೆ ಹೊರಗಿನಿಂದ ಬಂದು ನೆಲೆಸಿದವರು. ಊಟ ಎಲ್ಲಿ ಚೆನ್ನಾಗಿದೆ ಎಂಬುದು ಅವರಿಗೆ ಹೊಟ್ಟೆಯ ಪ್ರಶ್ನೆ, ತಿಂಗಳ ಖರ್ಚಿನ ಪ್ರಶ್ನೆ. ಊರಿನವನಾದ ನಾನು ಪರವೂರಿನವರನ್ನು ಕೇಳಲು ಆರಂಭಿಸಿದ ಮೇಲೆಯೇ ನನಗೆ ಹೊಸ ಜಾಗಗಳು ಸಿಕ್ಕಿದ್ದು.

ಧಾರವಾಡದಲ್ಲಿ ಇಂಥವರು ಹೆಚ್ಚಾಗಿ ಸಿಗುವುದು ಸಪ್ತಾಪುರ ಮತ್ತು ಅದರ ಸುತ್ತಲಿನ ಓಣಿಗಳಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ, ಕರ್ನಾಟಕ ಕಾಲೇಜುಗಳ ವಿದ್ಯಾರ್ಥಿಗಳು ಮೊದಲಿನಿಂದಲೂ ಇದ್ದರು. ಈಗ ಅವರ ಜತೆಗೆ ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಕಡೆಯಿಂದ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ಬಂದ ಹುಡುಗ ಹುಡುಗಿಯರು ಕೋಚಿಂಗ್ ಕೇಂದ್ರಗಳ ಸುತ್ತ ಬಾಡಿಗೆ ಕೋಣೆ ಹಿಡಿದು ವರ್ಷಗಟ್ಟಲೆ ಇರುತ್ತಾರೆ. ಅವರಲ್ಲಿ ಬಹುತೇಕರು ಮೆಸ್ಸಿಗೆ ತಿಂಗಳ ಲೆಕ್ಕದಲ್ಲಿ ಹಣ ಕಟ್ಟುತ್ತಾರೆ. ಊಟ ಕೆಟ್ಟಿತೆಂದರೆ ಮುಂದಿನ ತಿಂಗಳು ಹಣ ಕಟ್ಟುವುದಿಲ್ಲ, ಇಡೀ ಕೋಣೆಯ ನಾಲ್ವರೂ ಒಟ್ಟಿಗೆ ಬೇರೆ ಕಡೆ ಹೋಗುತ್ತಾರೆ. ಆದ್ದರಿಂದ ಹೊಸ ಮೆಸ್ಸೊಂದು ಒಳ್ಳೆಯದೋ ಅಲ್ಲವೋ ಎಂಬ ತೀರ್ಮಾನ ಎರಡು ಮೂರು ತಿಂಗಳಲ್ಲಿ ಆಗಿಹೋಗುತ್ತದೆ. ಗ್ರಂಥಾಲಯದಿಂದ ಹೊರಬರುವ ಹುಡುಗರನ್ನು ನಿಲ್ಲಿಸಿ ‘ತಮ್ಮಾ, ಎಲ್ಲಿ ಊಟ ಚಲೋ ಐತಿ’ ಎಂದು ಕೇಳಿದರೆ ನಿಮ್ಮ ವಯಸ್ಸು, ಬಟ್ಟೆ ನೋಡಿ ದೊಡ್ಡ ಹೋಟೆಲಿನ ಹೆಸರು ಹೇಳುತ್ತಾರೆ. ಕೇಳಬೇಕಾದ ಮಾತು ಬೇರೆ: ‘ಹೋದ ತಿಂಗಳು ಎಲ್ಲಿ ಉಣ್ತಿದ್ರಿ, ಈ ತಿಂಗಳು ಯಾಕ ಬದಲಿಸಿದ್ರಿ?’ ಈ ಒಂದು ಪ್ರಶ್ನೆಗೆ ನನಗೆ ಹತ್ತು ನಿಮಿಷದ ಉತ್ತರಗಳು ಬಂದಿವೆ. ಯಾವ ಮೆಸ್ಸಿನಲ್ಲಿ ಬ್ಯಾಳಿ ನೀರಾಯಿತು, ಎಲ್ಲಿ ರೊಟ್ಟಿ ಬಡಿಯುವವರು ಬಿಟ್ಟುಹೋದರು, ಎಲ್ಲಿ ಭಾನುವಾರ ರಾತ್ರಿ ಊಟವಿಲ್ಲ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ.

ಹಾಗೆ ಸಿಕ್ಕಿದ್ದೇ ಒಂದು ಮನೆಯ ಮುಂಗೋಣೆಯ ಖಾನಾವಳಿ. ಹೊರಗೆ ಹಲಗೆಯಿಲ್ಲ, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳೇ ಗುರುತು. ಒಳಗೆ ಆರು ಟೇಬಲ್, ಗೋಡೆಯಾಚೆ ಅಡುಗೆಮನೆ, ನಡುವೆ ಬಾಗಿಲಿಗೆ ಪರದೆಯೂ ಇಲ್ಲದ ಕಾರಣ ಅಕ್ಕನವರು ರೊಟ್ಟಿ ಬಡಿಯುವುದು ಕುಳಿತಲ್ಲಿಂದಲೇ ಕಾಣುತ್ತಿತ್ತು. ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ಒಣಹಿಟ್ಟಿನ ಮೇಲೆ ಇಟ್ಟು, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ, ಹಂಚಿಗೆ ಹಾಕಿದೊಡನೆ ಒದ್ದೆ ಅರಿವೆಯಿಂದ ಮೇಲ್ಮೈಯನ್ನು ಒಮ್ಮೆ ಸವರಿ, ಮಗುಚಿ, ಕೊನೆಗೆ ಉರಿಗೆ ಹಿಡಿದಾಗ ರೊಟ್ಟಿ ಪೂರಾ ಉಬ್ಬುತ್ತಿತ್ತು. ಅಂಚು ಎಲ್ಲಿಯೂ ಸೀಳಿರಲಿಲ್ಲ. ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಕಳೆದುಕೊಂಡು ಬಡಿಯುವಾಗಲೇ ಅಂಚು ಹರಿಯುತ್ತದೆ. ಆದ್ದರಿಂದ ಸೀಳದ ಅಂಚು ಎಂದರೆ ಹಿಟ್ಟು ಹೊಸದಾಗಿ ಬೀಸಿದ್ದು, ಕೈ ಪಳಗಿದ್ದು ಎಂದೇ ಅರ್ಥ. ತಾಟಿನಲ್ಲಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ. ನಾನು ಪುಂಡಿ ಪಲ್ಯ ಕೇಳಿದಾಗ ಅಕ್ಕನವರು, ‘ಇವತ್ತ ಸಂತ್ಯಾಗ ಎಳಿ ಪುಂಡಿ ಸಿಗಲಿಲ್ಲರಿ, ಬಲತಿದ್ದು ತಂದು ಹಾಕಂಗಿಲ್ಲ’ ಎಂದರು. ಆ ಒಂದು ಮಾತಿನಿಂದ ನನಗೆ ಆ ಜಾಗದ ಮೇಲೆ ನಂಬಿಕೆ ಕುದುರಿತು. ಯಾವ ದಿನ ಯಾವುದು ಇಲ್ಲ ಎಂದು ಹೇಳಬಲ್ಲ ಅಡುಗೆಮನೆ ಆ ದಿನದ ಸಂತೆಯಿಂದ ನಡೆಯುತ್ತಿರುತ್ತದೆ.

ಅದರ ವಿಳಾಸವನ್ನು ಇಲ್ಲಿ ಬರೆಯದಿರುವುದಕ್ಕೆ ಕಾರಣವಿದೆ. ಇಂತಹ ಖಾನಾವಳಿ ಒಂದು ಜೋಡಿ ಕೈಗಳ ಮೇಲೆ ನಿಂತಿರುತ್ತದೆ. ಆ ಕೈಗಳಿಗೆ ಬೇನೆ ಬಂದರೆ, ಮನೆಯ ಮಾಲೀಕರು ಬಾಡಿಗೆ ಏರಿಸಿದರೆ, ಮಗಳ ಹೆರಿಗೆಗೆಂದು ಅಕ್ಕನವರು ಮೂರು ತಿಂಗಳು ಊರಿಗೆ ಹೋದರೆ ರುಚಿ ಬದಲಾಗುತ್ತದೆ. ವರ್ಷದ ಹಿಂದೆ ನಾನು ಮೆಚ್ಚಿದ್ದ ಬೇರೊಂದು ಮೆಸ್ಸಿಗೆ ಗೆಳೆಯರನ್ನು ಕಳಿಸಿ ಅವರ ಮುಂದೆ ನನ್ನ ಮಾತು ಬಿದ್ದುಹೋದದ್ದುಂಟು. ಹೆಸರಿಗಿಂತ ಕೇಳುವ ಬಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆಂದು ನನ್ನ ಅಭಿಪ್ರಾಯ.

ಆಟೋದವರನ್ನು ಕೇಳಿ ಎಂದು ನಿಮಗೆ ಒಬ್ಬರು ಈಗಾಗಲೇ ಸಲಹೆ ಕೊಟ್ಟಿದ್ದಾರೆ. ಸಲಹೆ ಸರಿಯೇ, ಆದರೆ ರೈಲು ನಿಲ್ದಾಣದ ಎದುರು ಕೇಳಬೇಡಿ. ಅಲ್ಲಿ ಸಾಮಾನು ಹಿಡಿದು ನಿಂತವರಿಗೆ ಹೇಳುವ ಉತ್ತರ ಬೇರೆ, ಮಧ್ಯಾಹ್ನ ಎರಡೂವರೆಗೆ ಆಟೋ ನೆರಳಿಗೆ ನಿಲ್ಲಿಸಿ ಕೈ ತೊಳೆಯುತ್ತಿರುವಾಗ ಸಿಗುವ ಉತ್ತರ ಬೇರೆ. ನನ್ನ ಅನುಭವದಲ್ಲಿ ಎಲ್ಲರಿಗಿಂತ ನಿಖರವಾಗಿ ಹೇಳುವವರು ಔಷಧ ಕಂಪನಿಗಳ ಪ್ರತಿನಿಧಿಗಳು. ವಾರಕ್ಕೊಂದು ಬಡಾವಣೆ, ತಿಂಗಳಿಗೆ ನಾಲ್ಕಾರು ತಾಲೂಕು ಸುತ್ತುವ ಅವರಿಗೆ ಪ್ರತಿಯೊಂದು ಕಡೆ ಒಂದೂವರೆ ಗಂಟೆಗೆ ಊಟ ಆಗಲೇಬೇಕು, ಹೊಟ್ಟೆ ಕೆಡಬಾರದು, ಶರ್ಟಿಗೆ ಕಲೆಯಾಗದಂತೆ ಕೂರಲು ಜಾಗವಿರಬೇಕು. ನನ್ನ ಚಿಕ್ಕಪ್ಪನ ಮಗ ಇದೇ ಕೆಲಸದಲ್ಲಿದ್ದಾನೆ. ಹುಬ್ಬಳ್ಳಿ ವಿದ್ಯಾನಗರದ ಶಿರೂರ ಪಾರ್ಕಿನ ಸುತ್ತ ಯಾವುದು ಹೊಸದು, ಸತ್ತೂರಿನ ಆಸ್ಪತ್ರೆಯ ಎದುರು ರೋಗಿಗಳ ಕಡೆಯವರು ಯಾವ ಮೆಸ್ಸಿಗೆ ಹೋಗುತ್ತಾರೆ ಎಂಬುದು ಅವನಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ವರ್ಗವಾಗಿ ಬಂದ ಬ್ಯಾಂಕಿನವರು, ಕುಟುಂಬವನ್ನು ಇನ್ನೂ ಕರೆತರದ ಅಧ್ಯಾಪಕರು ಇದೇ ಸಾಲಿಗೆ ಸೇರುತ್ತಾರೆ. ನಿಮ್ಮ ಅಪ್ಪನವರ ಬ್ಯಾಂಕಿಗೆ ಪಾಸ್‌ಬುಕ್ ಬರೆಸಲು ಹೋದಾಗ ಒಂದು ಮಾತು ಕೇಳಿ ನೋಡಿ.

ಮೊಬೈಲನ್ನು ಪೂರ್ತಿ ದೂರವಿಡಬೇಕೆಂದು ನಾನು ಹೇಳುವುದಿಲ್ಲ. ನಕ್ಷತ್ರಗಳನ್ನು ಬಿಟ್ಟು ಚಿತ್ರಗಳನ್ನು ನೋಡಿ, ಅದರಲ್ಲೂ ಇತ್ತೀಚಿನವನ್ನು ಮೊದಲು. ಊಟದ ತಾಟಿನ ಚಿತ್ರಗಳು ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಪಲ್ಯ ತೋರಿಸಿದರೆ ಒಳ್ಳೆಯ ಸೂಚನೆ. ಜಾಗ ನಿಜವಾಗಿ ಹೊಸದೋ ಅಥವಾ ಹಳೆಯದಕ್ಕೇ ಹೊಸ ಬಣ್ಣ ಹೊಡೆದಿದ್ದಾರೋ ಎಂಬುದನ್ನು ತಿಳಿಯಲು ಇನ್ನೊಂದು ಉಪಾಯವಿದೆ. ಆಹಾರ ಮಾರುವ ಪ್ರತಿಯೊಬ್ಬರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಪಡೆದಿರಬೇಕು. ಅದರ 14 ಅಂಕಿಯ ಸಂಖ್ಯೆ ಗೋಡೆಯ ಮೇಲಿರಬೇಕು, 2022ರ ಜನವರಿಯಿಂದ ಬಿಲ್ಲಿನ ಮೇಲೂ ಇರಬೇಕು. ಆ ಸಂಖ್ಯೆಯ ಎರಡನೆಯ ಮತ್ತು ಮೂರನೆಯ ಅಂಕಿಗಳು ರಾಜ್ಯವನ್ನು, ನಾಲ್ಕನೆಯ ಮತ್ತು ಐದನೆಯ ಅಂಕಿಗಳು ಅದನ್ನು ಕೊಟ್ಟ ವರ್ಷವನ್ನು ಸೂಚಿಸುತ್ತವೆ. ಕರ್ನಾಟಕದ್ದು 12. ಹೀಗಾಗಿ 11223 ಎಂದು ಆರಂಭವಾದರೆ ಅದು 2023ರದು. ಸಣ್ಣ ಖಾನಾವಳಿಗಳ ಗೋಡೆಯ ಮೇಲೂ ಈ ಕಾಗದವನ್ನು ಹುಡುಕಿ ನೋಡುವ ಅಭ್ಯಾಸ ನನಗಾಗಿದೆ. ಊಟ ಮನೆಗೆ ತಲುಪಿಸುವ ಆ್ಯಪ್‌ಗಳಿಂದ ಮಾತ್ರ ಈ ಊರಿನಲ್ಲಿ ಹೆಚ್ಚು ಪ್ರಯೋಜನವಿಲ್ಲ. ಬಿಸಿರೊಟ್ಟಿ ಡಬ್ಬಿಯಲ್ಲಿ ಬೆವತು ಮೆತ್ತಗಾಗುತ್ತದೆ ಎಂದು ಒಳ್ಳೆಯ ಖಾನಾವಳಿಗಳು ಅವುಗಳಿಗೆ ಸೇರುವುದೇ ಕಡಿಮೆ, ಹಾಗಾಗಿ ಅಲ್ಲಿನ ಪಟ್ಟಿಯಲ್ಲಿ ಊರಿನ ನಿಜವಾದ ಊಟ ಕಾಣಿಸುವುದಿಲ್ಲ.

ಸಂಜೆಯ ತಿಂಡಿಗೆ ಇಷ್ಟೆಲ್ಲ ವಿಚಾರಣೆ ಬೇಕಿಲ್ಲ. ಗಿರ್ಮಿಟ್ಟು ಮತ್ತು ಮಿರ್ಚಿಯ ಗಾಡಿಗಳಲ್ಲಿ ಬಾಣಲೆಯ ಎಣ್ಣೆಯ ಬಣ್ಣ ನೋಡಿದರೆ ಸಾಕು. ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗುವುದಾದರೆ ದೀಪ ಹಚ್ಚಿದ ಮೇಲೆ ಹೋಗಿ, ಮೊದಲ ಗಾಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳದೆ ಒಂದು ಸುತ್ತು ಹಾಕಿ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಹುಬ್ಬಳ್ಳಿ–ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಸಾಗುವ ಚಿಗರಿ ಬಸ್ಸುಗಳು 2018ರಲ್ಲಿ ಓಡಲಾರಂಭಿಸುವ ಮೊದಲು ಎರಡೂ ಊರುಗಳ ನಡುವಿನ ರಸ್ತೆಯನ್ನು ಅಗಲಗೊಳಿಸಿದಾಗ ರಸ್ತೆಯಂಚಿನ ಎಷ್ಟೋ ಕಟ್ಟಡಗಳ ಮುಂಭಾಗ ಹೋಯಿತು, ಅಂಗಡಿಗಳು ಚದುರಿದವು. ನೀವು ‘ಮುಚ್ಚಿಹೋಯಿತು’ ಎಂದುಕೊಂಡ ಹಳೆಯ ಜಾಗ ಹಿಂದಿನ ಓಣಿಯಲ್ಲಿ ಬೇರೆ ಹೆಸರಿನಿಂದ ಮಗನೋ ಸೊಸೆಯೋ ನಡೆಸುತ್ತಿರುವುದುಂಟು. ಪಕ್ಕದ ಪಾನ್ ಅಂಗಡಿಯವರನ್ನು ವಿಚಾರಿಸದೆ ಆ ಆಸೆಯನ್ನು ಬಿಡಬೇಡಿ. ಟೋಲ್ ನಾಕಾದ ಹತ್ತಿರ ನನಗೆ ಹಾಗೆ ಒಂದು ಹಳೆಯ ಇಡ್ಲಿ ಹೋಟೆಲು ಮರಳಿ ಸಿಕ್ಕಿತು, ಚಟ್ನಿಯ ರುಚಿಯಿಂದಲೇ ಗುರುತು ಹಿಡಿದೆ.

ಸಾವಜಿ ಎಂಬ ಖಾರದ ಮಾಂಸದೂಟದ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ, ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಆದರೆ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ, ಸಾವಜಿ ಅಡುಗೆ ಇವರದೇ) ಸಮಾಜದ ನನ್ನ ಗೆಳೆಯ ಹೇಳುವ ಪ್ರಕಾರ, ಹಲಗೆಯ ಮೇಲೆ ‘ಸಾವಜಿ’ ಎಂದು ಬರೆದ ಮಾತ್ರಕ್ಕೆ ನಂಬದೆ, ಮಸಾಲೆಯನ್ನು ಮನೆಯಲ್ಲಿಯೇ ಕುಟ್ಟುತ್ತಾರೋ ತರಿಸುತ್ತಾರೋ ಎಂದು ಕೇಳಬೇಕು. ಶ್ರಾವಣದಲ್ಲಿ ಮಾಂಸ ಬಿಡುವ ಮನೆಗಳು ಹೆಚ್ಚಿರುವುದರಿಂದ ಆ ತಿಂಗಳು ನೋಡಿ ಯಾವುದೇ ಸಾವಜಿ ಹೋಟೆಲಿನ ಬಗ್ಗೆ ತೀರ್ಮಾನಕ್ಕೆ ಬರಬಾರದಂತೆ.

ಹೋಟೆಲೇ ಅಲ್ಲದ ಜಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ಕೃಷಿ ಮೇಳ ನಡೆಸುತ್ತದೆ. ಅಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಖಡಕ್ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ, ಸಿರಿಧಾನ್ಯದ ತಿನಿಸುಗಳನ್ನು ಮಾರುತ್ತಾರೆ. ತಿಂದು ನೋಡಿ ಇಷ್ಟವಾದರೆ, ಮನೆಯಿಂದಲೂ ಮಾಡಿಕೊಡುತ್ತೀರಾ ಎಂದು ಕೇಳಿ ನಂಬರು ಪಡೆದುಕೊಳ್ಳಿ. ನನಗೆ ಹಾಗೆ ಪರಿಚಯವಾದ ಒಬ್ಬ ತಾಯಿ ಈಗ ನಾಲ್ಕು ವರ್ಷದಿಂದ ನಾನು ಊರಿಗೆ ಬಂದಾಗಲೆಲ್ಲ ಹನ್ನೊಂದರೊಳಗೆ ಹೇಳಿದರೆ ಒಂದು ಗಂಟೆಗೆ ಐದು ಜನರ ಊಟ ಸಿದ್ಧ ಮಾಡಿಡುತ್ತಾರೆ. ಅವರ ಮಾದಲಿಯನ್ನು ಹಾಲು, ತುಪ್ಪ ಹಾಕಿಕೊಂಡು ತಿಂದ ನನ್ನ ಮಕ್ಕಳು ಬೆಂಗಳೂರಿನಲ್ಲಿಯೂ ಅದನ್ನೇ ಕೇಳುತ್ತಾರೆ.

ಕೊನೆಗೆ ಅವ್ವನ ವಿಷಯ. ‘ಮನಿಗೆ ಬಂದೂ ಹೊರಗ ಉಣ್ತೀಯೇನೋ’ ಎಂದು ನನ್ನ ಅವ್ವ ಒಮ್ಮೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ವರ್ಷಕ್ಕೆ ಎಂಟು ಹತ್ತು ದಿನ ಮಾತ್ರ ಮಗನಿಗೆ ಬಡಿಸಲು ಸಿಗುವವಳಿಗೆ ಅದು ಸಣ್ಣ ನೋವಲ್ಲ. ಅಂದಿನಿಂದ ಮಧ್ಯಾಹ್ನದ ಊಟವನ್ನು ಮನೆಗೇ ಬಿಟ್ಟಿದ್ದೇನೆ. ಹೊಸ ಜಾಗಗಳಿಗೆ ಬೆಳಗಿನ ನಾಷ್ಟಾ ಅಥವಾ ಸಂಜೆ, ಇಡೀ ಭೇಟಿಯಲ್ಲಿ ಒಂದೇ ಒಂದು ಮಧ್ಯಾಹ್ನ. ಆ ಒಂದು ಮಧ್ಯಾಹ್ನ ಅವಳನ್ನೂ ಕರೆದೊಯ್ಯುತ್ತೇನೆ. ಸಪ್ತಾಪುರದ ಆ ಖಾನಾವಳಿಗೆ ಬಂದ ದಿನ ಅವ್ವ ಊಟ ಮುಗಿಸಿ ನೇರವಾಗಿ ಅಡುಗೆಮನೆಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಗುರೆಳ್ಳನ್ನು ಎಷ್ಟು ಹುರಿಯಬೇಕು ಎಂಬುದರ ಮೇಲೆ ಇಬ್ಬರಿಗೂ ಮಾತು ಬೆಳೆದಿತ್ತು. ಈಗ ಅವಳೇ ನನಗೆ ಫೋನಿನಲ್ಲಿ ಆ ಓಣಿಯ ಸುದ್ದಿ ಹೇಳುತ್ತಾಳೆ.

ನೀವು ಬರುವ ದೀಪಾವಳಿಗೆ ಬರುತ್ತೇನೆಂದು ಬರೆದಿದ್ದೀರಿ. ಹಬ್ಬದ ವಾರ ಸಪ್ತಾಪುರದ ಹುಡುಗರು ತಮ್ಮ ಊರುಗಳಿಗೆ ಹೋಗುವುದರಿಂದ ಅಲ್ಲಿಯ ಮೆಸ್ಸುಗಳಲ್ಲಿ ಹೆಚ್ಚಿನವು ಒಲೆ ಹಚ್ಚುವುದಿಲ್ಲ. ರಜೆಯನ್ನು ಎರಡು ದಿನ ಮುಂಚಿತವಾಗಿ ತೆಗೆದುಕೊಳ್ಳಲು ಸಾಧ್ಯವಾದರೆ ಹಾಗೆ ಮಾಡಿ, ಮತ್ತು ಒಂದು ಗಂಟೆಯೊಳಗೆ ಹೋಗಿ ಕುಳಿತುಕೊಳ್ಳಿ. ಎರಡಾದ ಮೇಲೆ ಬಿಸಿರೊಟ್ಟಿ ಇರುವುದಿಲ್ಲ.