ಅಪ್‌ಡೇಟ್: ಕೊನೆಗೂ ಟೆಸ್ಟ್ ಆಯ್ತು, ಅದು ಫಂಗಸ್ ಆಗಿರಲೇ ಇಲ್ಲ

ಹಿಂದೆ ಕೇಳಿದ್ದೆ, ನೆನಪಿರಬಹುದು. ಬಿಳಿ ಸೆರಗು, ಕೆಟ್ಟ ವಾಸನೆ. ಫಂಗಸ್ ಅಂತ ಮೂರು ಸಲ ಮಾತ್ರೆ, ಕ್ರೀಮ್ ಕೊಟ್ಟರೂ ವಾಸಿಯಾಗಿಲ್ಲ, ಏನು ಮಾಡಲಿ ಅಂತ. ಮೊದಲು ಟೆಸ್ಟ್ ಮಾಡಿಸಿ ಅಂದಿದ್ದಿರಿ. ಮಾಡಿಸಿದೆ.

ಈ ಸಲ ಬೇರೆ ಡಾಕ್ಟರ್. ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದು ಪಿಎಚ್ (ಆಮ್ಲೀಯತೆ ಅಳೆಯುವ) ಕಾಗದಕ್ಕೆ ಒತ್ತಿದರು. ಹಳದಿ ಕಾಗದ ಹಸಿರಾಯಿತು. 5ಕ್ಕಿಂತ ಜಾಸ್ತಿ! 4.5 ದಾಟಬಾರದಂತೆ. ಬರೀ ಫಂಗಸ್ ಇದ್ದರೆ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆಮೇಲೆ ಗಾಜಿನ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಗಪ್ಪನೆ ಮೀನಿನ ವಾಸನೆ. ನನಗೆ ನಾಚಿಕೆ, ಅವರು ಮಾತ್ರ "ನಮಗೆ ಬೇಕಾಗಿದ್ದ ಸುಳಿವು ಇದೇ" ಅಂದರು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಒದ್ದೆ ಕಾಲಿಗೆ ಮರಳು ಮೆತ್ತಿದ ಹಾಗೆ ಜೀವಕೋಶದ ತುಂಬಾ ಬ್ಯಾಕ್ಟೀರಿಯಾ, ಅಂಚೇ ಕಾಣುತ್ತಿರಲಿಲ್ಲ. ಇವಕ್ಕೆ ಕ್ಲೂ ಸೆಲ್ ಅಂತ ಹೆಸರು.

ಈ ಮೂರರ ಜೊತೆಗೆ ತೆಳುವಾದ ಬೂದುಬಿಳಿ ಸ್ರಾವ. ನಾಲ್ಕರಲ್ಲಿ ಮೂರಿದ್ದರೂ ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ತೊಂದರೆ) ಅಂತ ಲೆಕ್ಕ. ಇದು 1983ರ ಆಮ್ಸೆಲ್ ಪದ್ಧತಿ. ಇಷ್ಟು ಹಳೆಯ, ಹತ್ತು ನಿಮಿಷದ ಕೆಲಸವನ್ನು ಮೂರು ಸಲವೂ ಯಾರೂ ಮಾಡಲಿಲ್ಲ ಅಲ್ವಾ, ಸಿಟ್ಟು ಬರುವುದು ಅದಕ್ಕೇ.

ಲ್ಯಾಬಿಗೂ ಸ್ಲೈಡ್ ಹೋಯಿತು. ಸ್ಲೈಡಿನಲ್ಲಿ ಕಾಣುವ ಬ್ಯಾಕ್ಟೀರಿಯಾ ನೋಡಿ ಕೊಡುವ ಅಂಕ, ಅಂದರೆ ನ್ಯೂಜೆಂಟ್ ಸ್ಕೋರ್, 8. 7ರಿಂದ 10 ಬಂದರೆ ಇದೇ ಕಾಯಿಲೆ. ಲೈಂಗಿಕವಾಗಿ ಹರಡುವ ಪರಾವಲಂಬಿ ಟ್ರೈಕೊಮೊನಾಸ್‌ಗೆ ಮಾಡಿದ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಟೆಸ್ಟ್) ನೆಗೆಟಿವ್.

7 ದಿನ ಮೆಟ್ರೊನಿಡಜೋಲ್ ಅನ್ನುವ ಆ್ಯಂಟಿಬಯಾಟಿಕ್ ತೆಗೆದುಕೊಂಡೆ. ಬಾಯೆಲ್ಲ ಲೋಹದ ರುಚಿ, ಆದರೆ ವಾಸನೆ ಹೋಯಿತು. ಇದು ಮರುಕಳಿಸುವುದು ಜಾಸ್ತಿಯಂತೆ. ಬಂದರೆ ಸುಮ್ನೆ ಹಳೇ ಕ್ರೀಮ್ ಹಚ್ಚಿಕೊಳ್ಳುವುದಿಲ್ಲ, ಮತ್ತೆ ಸ್ಯಾಂಪಲ್ ಕೊಡುತ್ತೇನೆ.