ಸಮಸ್ಯೆ: ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಭಾಮಿನಿ ಭಕ್ತ:
ಎಲ್ರಿಗೂ ನಮಸ್ಕಾರ. ಈ ವಾರದ ಸಮಸ್ಯೆ ಮೇಲಿದೆ, ಭಾಮಿನಿ ಷಟ್ಪದಿಯ ಆರನೇ ಸಾಲು, ಮಿಕ್ಕ ಐದು ನಿಮ್ದು. ವಿಷಯ ವರ, ಅದೂ ಬಾಯಿಂದ ಬಿದ್ದಿದ್ದನ್ನ ದೇವರು ಅಕ್ಷರಕ್ಕಕ್ಷರ ಹಾಗೇ ಕೊಟ್ಟುಬಿಟ್ರೆ ಏನಾಗತ್ತೆ ಅಂತ. ಹೊಸಬ್ರಿಗೆ ಲೆಕ್ಕ ಹೇಳ್ಬಿಡ್ತೀನಿ: 1, 2, 4, 5ನೇ ಸಾಲು ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ, 3 ಮತ್ತು 6ರಲ್ಲಿ ಇನ್ನೊಂದು ಮೂರು-ನಾಲ್ಕು, ಕೊನೇಲಿ ಒಂದು ಗುರು, 23. ಆದಿಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ, ರಕಾರ, ಅದರ ಹಿಂದಿನ ಅಕ್ಷರ ಲಘುನೇ ಇರ್ಬೇಕು. ಪುರಾಣನೇ ಆಗ್ಬೇಕು ಅಂತ ಇಲ್ಲ.

ತೆಂಕುತಿಟ್ಟು:
ಇದಕ್ಕೆ ಯೋಚನೆ ಎಂತಕ್ಕೆ ಮಾರಾಯ್ರೆ, ಭಸ್ಮಾಸುರ! ಮೋಹಿನಿ ಕುಣಿತ, ಕೈ ತಲೆ ಮೇಲೆ, ಬೂದಿ. ರಾತ್ರಿ ಪದ್ಯ ಹಾಕ್ತೇನೆ.

ಮಾತ್ರೆ ಮೇಷ್ಟ್ರು:
ಹಾಕಿ, ಆದ್ರೆ ಭಸ್ಮಾಸುರ ಅತ್ತಿದ್ದು ಯಾವಾಗ? ಅಳೋಕೆ ಟೈಮೇ ಸಿಗ್ಲಿಲ್ವಲ್ಲ ಪಾಪ. ಆ ಕಥೇಲಿ ಅಳೋ ಸ್ಥಿತಿಗೆ ಬಂದಿದ್ದು ವರ ಕೊಟ್ಟ ಶಿವ, ಸಮಸ್ಯೇಲಿರೋದು ಪಡೆದವನು. ಅಂದ ಹಾಗೆ ಭಾಗವತದಲ್ಲಿ ಅವನ ಹೆಸರು ವೃಕಾಸುರ, ಅಲ್ಲಿ ಮೋಹಿನಿನೇ ಇಲ್ಲ, ವಿಷ್ಣು ಒಬ್ಬ ವಟುವಾಗಿ ಬಂದು ಆ ಶಿವನ ಮಾತನ್ನ ಯಾರು ನಂಬ್ತಾರೆ, ಬೇಕಾದ್ರೆ ನಿನ್ ತಲೆ ಮೇಲೇ ಕೈ ಇಟ್ಟು ನೋಡು ಅಂತಾನೆ, ಅವನು ಇಟ್ಕೊಂಡು ಬಿಡ್ತಾನೆ.

ತೆಂಕುತಿಟ್ಟು:
ವಟು ಬಂದ್ರೆ ರಾತ್ರಿಯಿಡೀ ಆಟ ನೋಡ್ಲಿಕ್ಕೆ ಯಾರು ಕೂರ್ತಾರೆ ಮೇಷ್ಟ್ರೇ.

ಕಾಫಿ ಕಾಗುಣಿತ:
ನಂದು ಮೊದಲನೇ ಪೂರಣ. ಫ್ರಿಜಿಯಾದ ಮಿಡಾಸ್ ದೊರೆ.

ಅರಸ ಮುಟ್ಟಿದುದೆಲ್ಲ ಹೊನ್ನೆನೆ
ಕರದೊಳನ್ನವು ಗಟ್ಟಿಯಾಯಿತು
ಕೊರಳಿಗಿಳಿಯದೆ ಹೊನ್ನ ಕಡಿಯುತ ಹಸಿದು ಕುಳಿತಿರ್ದ
ಕುರಿಯ ಕಾಯುವ ಹೈದನತ್ತಲು
ಮರದ ನೆರಳಲಿ ರೊಟ್ಟಿ ಮುರಿದನು
ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಭಾಮಿನಿ ಭಕ್ತ:
ವಾಹ್ ಅಕ್ಕ! ಮಗಳು ಬಂಗಾರದ ಗೊಂಬೆ ಆಗೋದನ್ನ ಯಾಕೆ ಬಿಟ್ರಿ, ಅಳು ಅಲ್ಲೇ ಜಾಸ್ತಿ ಬರ್ತಿತ್ತು?

ಕಾಫಿ ಕಾಗುಣಿತ:
ಹಳೇ ಕಥೇಲಿ ಮಗಳೇ ಇಲ್ಲ ಸರ್. ರೊಟ್ಟಿ ಗಟ್ಟಿಯಾಯ್ತು, ಕುಡಿಯೋ ದ್ರಾಕ್ಷಾರಸ ಚಿನ್ನದ ನೀರಾಯ್ತು, ಆಮೇಲೆ ವರ ಕೊಟ್ಟ ದೇವರು ಡಯೊನೈಸಸ್ ಕಾಲಿಗೆ ಬಿದ್ದು ಪ್ಯಾಕ್ಟೋಲಸ್ ಹೊಳೇಲಿ ಮಿಂದು ವರ ಕಳ್ಕೊಂಡ, ಅಷ್ಟೇ. ಮಗಳನ್ನ ಸೇರಿಸಿದ್ದು 19ನೇ ಶತಮಾನದಲ್ಲಿ ಅಮೆರಿಕದವರು, ಮಕ್ಕಳ ಕಥೆಗೆ ಅಂತ. ನಂಗೇನೋ ಹಸಿವೇ ಸಾಕು ಅನ್ನಿಸ್ತು, ಮಗಳು ಬಂದ್ರೆ ಪದ್ಯ ಪೂರ್ತಿ ಅವಳೇ ನುಂಗ್ತಾಳೆ, ನಗೋನಿಗೆ ಜಾಗ ಇರಲ್ಲ.

ಮಾತ್ರೆ ಮೇಷ್ಟ್ರು:
ಮಾತ್ರೆ ಸರಿಯಿದೆ, ಪ್ರಾಸ ಸರಿಯಿದೆ. ಮುಖ್ಯವಾಗಿ ನಕ್ಕವನು ಪದ್ಯದೊಳಗೇ ಇದ್ದಾನೆ. ಈ ಸಮಸ್ಯೇಲಿ ಅಳೋನು ಸುಲಭ, ಪುರಾಣ ತೆಗೆದ್ರೆ ಪುಟಕ್ಕೊಬ್ಬ ಸಿಕ್ತಾನೆ. ವರ ಇಲ್ದೇ ಇರೋದೇ ಯಾರಿಗೆ ಅನುಕೂಲ ಆಯ್ತು ಅವನನ್ನ ಹುಡುಕೋದು ಕಷ್ಟ. ಅವನು ಸುಮ್ನೆ ಪಕ್ಕದಲ್ಲಿ ನಿಂತು ಹಲ್ಲು ಕಿರಿದ್ರೆ ಅದು ಪೂರಣ ಅಲ್ಲ.

ತೆಂಕುತಿಟ್ಟು:
ಸರಿ, ಭಸ್ಮಾಸುರನ್ನ ಬಿಟ್ಟೆ. ರಾವಣ ತಗೊಳ್ಳಿ.

ಸುರರು ಯಕ್ಷರು ನಾಗರೆಂದನು
ನರರ ಹೆಸರನು ಬರೆಯಲಿಲ್ಲವೊ
ಬರಿಯ ಹುಲ್ಲದು ಮನುಜಕುಲವೆಂದಸುರ ಕೈಬಿಟ್ಟ
ಮರಳಿ ಬಾರದ ತಮ್ಮ ಮಕ್ಕಳ
ಕರೆದು ಲಂಕೆಯಲಿರೆ ದಶಾನನ
ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಮಾತ್ರೆ ಮೇಷ್ಟ್ರು:
ಹುಲ್ಲು ಅಂದಿದ್ದು ಚೆನ್ನಾಗಿದೆ, ವಾಲ್ಮೀಕಿಯಲ್ಲೇ ಮನುಷ್ಯರೆಲ್ಲ ನನಗೆ ತೃಣ ಅಂತಾನೆ. ಆದ್ರೆ ನಕ್ಕಿದ್ದು ಯಾರ್ರೀ? ರಾಮ ಅಂತೂ ನಗಲ್ಲ, ಸತ್ತ ಮೇಲೆ ಹಗೆತನ ಮುಗೀತು ಅಂತ ಸಂಸ್ಕಾರ ಮಾಡ್ಸಿದವನು ಅವನು.

ತೆಂಕುತಿಟ್ಟು:
ಹಾಗಾದ್ರೆ ಐದನೇ ಸಾಲು ಬದಲು: "ಕರೆಯೆ ಲಂಕೆಯೊಳತ್ತಲಾ ಕಪಿ". ಕಪಿಯನ್ನೂ ಅವ ಲೆಕ್ಕಕ್ಕೆ ತಗೊಂಡಿರ್ಲಿಲ್ಲ ಅಲ್ವಾ.

ಕಾಫಿ ಕಾಗುಣಿತ:
ಹನುಮಂತ ಆದ್ರೆ ಆಗಲ್ಲ ನೋಡಿ, ಚಿಕ್ಕೋನಿದ್ದಾಗ ಸೂರ್ಯನ್ನ ಹಿಡಿಯಕ್ಕೆ ಹೋಗಿ ವಜ್ರದ ಏಟು ತಿಂದ ಮೇಲೆ ದೇವತೆಗಳೆಲ್ಲ ಕ್ಯೂ ನಿಂತು ವರ ಕೊಟ್ಟಿದ್ದಾರೆ.

ತೆಂಕುತಿಟ್ಟು:
ಹನುಮಂತ ಅಂತ ಯಾರು ಹೇಳಿದ್ದು? ಸೇತುವೆಗೆ ಕಲ್ಲು ಹೊತ್ತ ಯಾವುದೋ ಒಂದು ಕಪಿ. ಅದಕ್ಕೆ ವರವೂ ಇಲ್ಲ ಹೆಸರೂ ಇಲ್ಲ, ಅದು ನಗ್ತದೆ.

ಮಾತ್ರೆ ಮೇಷ್ಟ್ರು:
ಒಪ್ಪಿದೆ. ಇದು ಮೊದಲನೇದಕ್ಕಿಂತ ಎಷ್ಟೋ ಮೇಲು.

ನಿದ್ದೆಗೇಡಿ:
ನಾನು ರಾವಣನ ತಮ್ಮ ಕುಂಭಕರ್ಣನ ಕಡೆ. ಊರಲ್ಲಿ ಹೇಳೋ ಇಂದ್ರಾಸನ-ನಿದ್ರಾಸನದ ಕಥೆ.

ಸುರಪನಾಸನ ಬೇಡ ಹೋದರೆ
ಹೊರಳಿ ನಾಲಗೆ ನಿದ್ದೆಯೆಂದಿತು
ಇರುಳು ಹಗಲಾರ್ತಿಂಗಳೊಂದೇ ಗೊರಕೆ ಗತಿಯಾಯ್ತು
ಎರಡು ಕಣ್ಣನು ತೆರೆದು ರಾಕ್ಷಸ
ಸುರಿಸೆ ಕಂಬನಿಯತ್ತಲಿಂದ್ರನು
ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಭಾಮಿನಿ ಭಕ್ತ:
ಇಂದ್ರ ನಗೋದು ಸರಿಯಾಗಿದೆ, ಕುರ್ಚಿ ಉಳೀತಲ್ಲ. ಅವನಿಗೆ ಯಾವ ವರನೂ ಬೇಕಾಗ್ಲಿಲ್ಲ, ಸರಸ್ವತಿ ಬೇರೆಯವನ ನಾಲಿಗೆ ಮೇಲೆ ಕೂತಿದ್ದೇ ಸಾಕಾಯ್ತು.

ಮಾತ್ರೆ ಮೇಷ್ಟ್ರು:
ಒಂದು ಮಾತು, ಆ ಆರು ತಿಂಗಳು ಅನ್ನೋದೂ ರಿಯಾಯಿತಿಯೇ. ಯುದ್ಧಕಾಂಡದಲ್ಲಿ ರಾವಣ ಹೋಗಿ ಬ್ರಹ್ಮನ ಹತ್ರ ಚೌಕಾಸಿ ಮಾಡಿದ್ಮೇಲೆ ಆರು ತಿಂಗಳಿಗೊಂದು ದಿನ ಎಚ್ಚರ ಸಿಕ್ಕಿದ್ದು. ಈ ಅಣ್ಣ ತಮ್ಮಂದಿರಿಗಿಂತ ಹಿರಣ್ಯಕಶಿಪು ಹುಷಾರು, ಒಳಗೆ ಹೊರಗೆ, ಹಗಲು ರಾತ್ರಿ, ನೆಲ ಆಕಾಶ ಅಂತ ಲಾಯರ್ ಕೈಲಿ ಡ್ರಾಫ್ಟ್ ಮಾಡಿಸ್ದಂಗೆ ಕೇಳ್ದ, ಕೊನೆಗೆ ಹೊಸಿಲು, ಮುಸ್ಸಂಜೆ, ತೊಡೆ ಇವು ಮೂರು ಬಿಟ್ಟು ಹೋಗಿತ್ತು. ಅಲ್ಲಿ ಪಡೆಯದವನು ಪ್ರಹ್ಲಾದ, ವರ ಕೊಡ್ತೀನಿ ಅಂದ್ರೆ ಭಕ್ತಿಗೆ ಬದಲು ಕೇಳೋನು ಭಕ್ತನಲ್ಲ ವ್ಯಾಪಾರಿ ಅಂತಾನೆ. ಆದ್ರೆ ಅಪ್ಪ ಸತ್ತಾಗ ಅವನನ್ನ ನಗಿಸೋದು ಹೇಗೆ ಅಂತ ಗೊತ್ತಾಗದೇ ಪದ್ಯ ಅಲ್ಲಿಗೇ ಬಿಟ್ಟೆ.

ಸಿಲ್ಕ್‌ಬೋರ್ಡ್ ಸಂತ:
ರಾಕ್ಷಸರು ಸಾಕು, ನಮ್ಮ ಕಾಲದ್ದು ಒಂದು.

ಕರುಣಿಸೆಂದನು ಸಿಲ್ಕು ಬೋರ್ಡಲಿ
ಬರುವ ವಾಹನವಿರದ ರಸ್ತೆಯ
ಮರುದಿನವೆ ಲಾಕ್ಡೌನು ಬಂದಿತು ಮನೆಯೊಳಗೆ ಸೆರೆಯು
ಉರುಳಿ ಹೊರಳುತ ಬೀದಿ ಭೈರವ
ತಿರುಗಿ ನೋಡಿದ ಕಿಟಕಿಯವನನು
ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಕಾಫಿ ಕಾಗುಣಿತ:
😂😂 2020ರಲ್ಲಿ ನಮ್ ಆಫೀಸಲ್ಲಿ ವರ್ಕ್ ಫ್ರಂ ಹೋಮ್ ಕೊಡಪ್ಪಾ ಅಂತ ಹರಕೆ ಹೊತ್ತವರೆಲ್ಲ ಮೇ ತಿಂಗಳ ಹೊತ್ತಿಗೆ ಕುಕ್ಕರ್ ವಿಷಲ್ ಕೇಳಿದ್ರೆ ಬೆಚ್ಚಿ ಬೀಳ್ತಿದ್ರು.

ಮಾತ್ರೆ ಮೇಷ್ಟ್ರು:
ನಾಯಿಗೆ "ಪಡೆಯದವ" ಅನ್ನೋದು ಲಿಂಗದೋಷ ಅಲ್ವೇ?

ಸಿಲ್ಕ್‌ಬೋರ್ಡ್ ಸಂತ:
ಅದಕ್ಕೇ ಮೇಷ್ಟ್ರೇ ಭೈರವ ಅಂತ ಹೆಸರಿಟ್ಟಿದ್ದು. ನಾಯಿ ಭೈರವನ ವಾಹನ, ರಸ್ತೇಲಿ ಉಳಿದಿದ್ದ ವಾಹನ ಅದೊಂದೇ.

ಮಾತ್ರೆ ಮೇಷ್ಟ್ರು:
ಸೋತೆ 🙏

ಭಾಮಿನಿ ಭಕ್ತ:
ನಂದು ಅರ್ಧಕ್ಕೆ ನಿಂತಿದೆ. ಟಿಥೋನಸ್ ಅಂತ ಟ್ರಾಯ್‌ನ ರಾಜಕುಮಾರ, ಉಷೆಯ ದೇವತೆ ಈಯೋಸ್ ಅವನಿಗೆ ಸಾವು ಬೇಡ ಅಂತ ದೇವತೆಗಳ ರಾಜ ಝ್ಯೂಸ್ ಹತ್ರ ಕೇಳಿದ್ಲು, ಮುಪ್ಪು ಬೇಡ ಅಂತ ಹೇಳೋದು ಮರೆತ್ಲು, ಅವನು ಒಣಗಿ ಒಣಗಿ ಕೊನೆಗೆ ಜೀರುಂಡೆ ಆದ ಅಂತ ಕಥೆ.

ಹರೆಯ ಕೇಳಲು ಮರೆತಳಾ ಸತಿ
ಬರಿದೆ ಸಾಯದ ಬಾಳು ದೊರಕಿತು
ಸೊರಗಿ ಸುಕ್ಕಿದ ಮುದುಕ ಕಡೆಯಲಿ ಕಿರುಚು ಹುಳುವಾದ

ನಗೋನು ಸಿಗ್ತಿಲ್ಲ. ಯಾರಾದ್ರೂ ಮುಗಿಸಿ.

ನಿದ್ದೆಗೇಡಿ:
ಕರೆದ ಸಾವಿಗೆ ಬಾಗಿಲನು ತೆರೆ-
ದೆರಗಿ ಹೊರಟನು ನೆರೆಯ ಮುದುಕನು
ವರವ ಪಡೆದವನಳುತಲಿರ್ದನು ಪಡೆಯದವ ನಕ್ಕ

ಭಾಮಿನಿ ಭಕ್ತ:
ಅಬ್ಬಾ. ಇದನ್ನ ನನ್ನ ಹೆಸರಲ್ಲಿ ಹಾಕ್ಕೊಳ್ಳೋಕೆ ನಾಚಿಕೆ ಆಗತ್ತೆ, ನಿಮ್ದೇ ಇರ್ಲಿ.

ಮಾತ್ರೆ ಮೇಷ್ಟ್ರು:
ಗ್ರೀಕ್ ಕಥೇಲಿ ನೆರೆಯ ಮುದುಕ ಎಲ್ಲಿದ್ದಾನೆ?

ನಿದ್ದೆಗೇಡಿ:
ಪಕ್ಕದ್ಮನೆ ಮುದುಕ ಇಲ್ಲದ ಊರು ಯಾವ್ದಿದೆ ಹೇಳಿ ಮೇಷ್ಟ್ರೇ.

ತೆಂಕುತಿಟ್ಟು:
ಮುಂದಿನ ವಾರ ಕಂದಪದ್ಯ ಕೊಡ್ಬೇಡಿ ಆಯ್ತಾ, ಜಗಣ (ಲಘು-ಗುರು-ಲಘು) ಹುಡುಕಿ ಹುಡುಕಿ ನಾನೇ ಜೀರುಂಡೆ ಆಗ್ತೇನೆ.